ಹಳೇ ಡೀಸೆಲ್ ಸ್ವಿಫ್ಟ್, ಡಿಸೈರ್ ತಗೊಳ್ತೀರಾ? ಮೊದಲು ಬಾನೆಟ್ ಮುಟ್ಟಿ ನೋಡಿ

ಅಂಗಡಿಗೆ ಸಾಮಾನು ತರೋಕೂ ಆಗಬೇಕು, ಮನೆಯವರನ್ನು ಕೂರಿಸಿಕೊಂಡು ಮದುವೆ-ಮುಂಜಿಗೂ ಹೋಗಬೇಕು, ಮೈಲೇಜೂ ಬರಬೇಕು. ಹೀಗೆ ಲೆಕ್ಕ ಹಾಕೋರ ಕಣ್ಣು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಅಥವಾ ಡಿಸೈರ್ ಮೇಲೆ ಬೀಳುತ್ತೆ. ತಪ್ಪೇನಿಲ್ಲ, ಎಂಜಿನ್ ಗಟ್ಟಿನೇ. ಆದರೆ ಅದರಲ್ಲಿ ಟರ್ಬೊ ಇದೆ. ಹಿಂದಿನ ಮಾಲೀಕರು ಆಯಿಲ್ ಹಾಕೋದರಲ್ಲಿ ಜಿಪುಣತನ ಮಾಡಿದ್ದರೆ, ಅದರ ಬಿಲ್ ಕಟ್ಟೋರು ನೀವು.

ಯಾವುದು ಈ ಎಂಜಿನ್?

ಇದು ಫಿಯಟ್ ಮೂಲದ 1,248 ಸಿಸಿ ಮಲ್ಟಿಜೆಟ್ ಎಂಜಿನ್. ಮಾರುತಿಯವರು ಡಿಡಿಐಎಸ್ ಅಂತ ಹೆಸರಿಟ್ಟರು. ರಿಟ್ಜ್, ಟಾಟಾ ಇಂಡಿಕಾ ವಿಸ್ಟಾದ ಕ್ವಾಡ್ರಾಜೆಟ್, ಫಿಯಟ್ ಪುಂಟೊ ಕಾರುಗಳಲ್ಲಿ ಇರೋದೂ ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿತು. ಹಾಗಾಗಿ ಇವತ್ತು ಮಾರಾಟಕ್ಕೆ ಬರುವ ಗಾಡಿಗಳೆಲ್ಲ ವರ್ಷಗಟ್ಟಲೆ ಓಡಿರುವಂಥವು.

ಟರ್ಬೊಗೂ ಆಯಿಲ್‌ಗೂ ಏನು ನಂಟು?

ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತೆ. ಆ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತೆ. ಅದನ್ನು ಸವೆಯದಂತೆ ಕಾಯೋದು ತೆಳ್ಳಗಿನ ಆಯಿಲ್ ಪದರ ಮಾತ್ರ. ಆಯಿಲ್ ಕೊಳೆಯಾದರೆ, ಲೆವೆಲ್ ಇಳಿದರೆ, ಮೊದಲ ಏಟು ಬೀಳೋದು ಅಲ್ಲಿಗೇ. ಘಾಟಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡೋ ಅಭ್ಯಾಸವೂ ಕೆಟ್ಟದ್ದೇ. ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಕರಿಕಟ್ಟುತ್ತೆ.

ಟೈಮಿಂಗ್ ಚೈನಿಗೂ ಆಯಿಲ್ಲೇ ಜೀವ. ಈ ಎಂಜಿನ್ನಿಗೆ ಬೆಲ್ಟ್ ಇಲ್ಲ, ಚೈನ್ ಇದೆ. "ಚೈನಿಗೆ ಖರ್ಚೇ ಇಲ್ಲ" ಅಂತ ಹೇಳಿ ಮಾರ್ತಾರೆ. ಆಯಿಲ್ ತಡವಾಗಿ ಬದಲಿಸಿದ ಗಾಡಿಗಳಲ್ಲಿ ಚೈನ್ ಸವೆದು ಸಡಿಲ ಆಗುತ್ತೆ. ಹಲ್ಲು ಜಿಗಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು, ಕೆಲಸ ಇಡೀ ಎಂಜಿನ್ನಿಗೇ ಬರುತ್ತೆ.

ನೋಡೋಕೆ ಹೋದಾಗ ಹೀಗೆ ಮಾಡಿ

• ಬೆಳಗ್ಗೆನೇ ಹೋಗಿ, ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು ದಿನ ಬರ್ತೀನಿ ಅನ್ನಿ. ಚೈನ್ ಸದ್ದು ಚೆನ್ನಾಗಿ ಕೇಳೋದು ಎಂಜಿನ್ ತಣ್ಣಗಿದ್ದಾಗ. ಸ್ಟಾರ್ಟ್ ಆದಾಗ ಕೆಲವು ಕ್ಷಣ ಕಟಕಟ ಅಂತ ಲೋಹದ ಸದ್ದು ಬಂದರೆ ಎಚ್ಚರ.

• ಹೊಗೆಯ ಬಣ್ಣ ನೋಡಿ. ನೀಲಿ ಇದ್ದರೆ ಆಯಿಲ್ ಉರೀತಿದೆ. ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಹೋಗಿರಬಹುದು. ದಟ್ಟ ಕಪ್ಪು ಇದ್ದರೆ ಗಾಳಿ ಸಾಲ್ತಿಲ್ಲ ಅಥವಾ ಇಂಜೆಕ್ಟರ್ ಸರಿಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು.

• ಗಾಡಿ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಅಂತ ನುಗ್ಗಿದರೆ ಎಂಜಿನ್ ಸವೆದಿದೆ.

• ಏರಿನಲ್ಲಿ ಓಡಿಸಿ. 2,000 ಆರ್‌ಪಿಎಂ ಹತ್ತಿರ ಬರೋವರೆಗೆ ಎಳೆತ ಕಮ್ಮಿ, ಅದು ಈ ಎಂಜಿನ್ನಿನ ಸ್ವಭಾವ. ಅದಾದ ಮೇಲೂ ಎಳೀಲಿಲ್ಲ ಅಂದರೆ ಮಾತ್ರ ದೋಷ. ಆರ್‌ಪಿಎಂ ಏರ್ತಾ ಇದ್ದು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ.

• ಮೆಕ್ಯಾನಿಕ್ ಕೈಲಿ ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ. ಒಳಗೆ ಆಯಿಲ್ ಪಸೆ ಇರೋದು ಸಹಜ, ನಿಂತಿರಬಾರದು. ಟರ್ಬೊ ಶಾಫ್ಟ್ ಪಕ್ಕಕ್ಕೆ ಕೂದಲೆಳೆಯಷ್ಟು ಆಡಬಹುದು. ಹಿಂದೆ ಮುಂದೆ ಆಡಿದರೆ, ಚಕ್ರ ಗೋಡೆಗೆ ತಾಗಿದರೆ, ಬೇಡ.

ಪಿಕಪ್ ಇಲ್ಲ ಅಂದ ಕೂಡಲೇ ಟರ್ಬೊ ಹೋಗಿದೆ ಅಂತಲ್ಲ

ಗಾಡಿ ತಗೊಂಡ ಮೇಲೆ ಬಹಳ ಜನ ಮೋಸ ಹೋಗೋದು ಇಲ್ಲೇ. ಎಳೆತ ಕಮ್ಮಿಯಾಯ್ತು ಅಂದ ತಕ್ಷಣ ಟರ್ಬೊ ಬದಲಿಸಿ ಅಂತಾರೆ. ಅದಕ್ಕೂ ಮುಂಚೆ ಕಡಿಮೆ ಖರ್ಚಿನ ಮೂರು ವಿಷಯ ನೋಡಿಸಿ: ಏರ್ ಫಿಲ್ಟರ್ ಧೂಳು ಕಟ್ಟಿದೆಯಾ, ಟರ್ಬೊ ಹೋಸ್ ಸೀಳಿ ಗಾಳಿ ಸೋರುತ್ತಿದೆಯಾ, ಇಜಿಆರ್ ವಾಲ್ವ್ ಮಸಿ ಹಿಡಿದಿದೆಯಾ. ಪೇಟೆಯೊಳಗೇ ಅಂಗಡಿಗೂ ಮನೆಗೂ ಓಡಾಡುವ ಗಾಡಿಯಲ್ಲಿ ಇಜಿಆರ್ ಮಸಿ ಕಟ್ಟೋದು ಸಾಮಾನ್ಯ. ಬಹಳ ಸಲ ಕ್ಲೀನ್ ಮಾಡಿಸಿದರೆ ಸಾಕಾಗುತ್ತೆ.

ಆದರೆ ನೀಲಿ ಹೊಗೆ ಬಂದರೆ ತಡ ಮಾಡಬೇಡಿ. ಸೀಲ್ ಪೂರ್ತಿ ಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಓಡಬಹುದು.

ಕಾಗದ ಪತ್ರ

ಮೀಟರ್ ನಂಬಬೇಡಿ, ತಿರುಗಿಸೋದು ಕಷ್ಟವಲ್ಲ. ಸರ್ವೀಸ್ ದಾಖಲೆ ಕೇಳಿ; ಆಯಿಲ್ ಯಾವ ಯಾವ ಕಿಲೋಮೀಟರಿಗೆ ಬದಲಾಗಿದೆ ಅಂತ ಅದರಲ್ಲೇ ಇರುತ್ತೆ. ದಾಖಲೆ ಇಲ್ಲ ಅಂದರೆ ಬೆಲೆ ಇಳಿಸಿ ಮಾತಾಡಿ. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲ ತೀರಿದೆಯಾ ನೋಡಿ. ಹಳದಿ ಬೋರ್ಡ್ ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡ್ ಆಗಿದೆಯಾ ಅಂತ ಆರ್‌ಟಿಒದಲ್ಲಿ ವಿಚಾರಿಸಿ.

ತಗೊಂಡ ದಿನವೇ ಆಯಿಲ್, ಆಯಿಲ್ ಫಿಲ್ಟರ್ ಹೊಸದು ಹಾಕಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡೇ ಇರಲಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ. ದೂರ ಓಡಿಸಿ ಬಂದರೆ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ. ಟರ್ಬೊ ಬದಲಿಸೋ ಖರ್ಚಿನ ಮುಂದೆ ಒಂದು ಕ್ಯಾನ್ ಆಯಿಲ್ ದೊಡ್ಡದೇನಲ್ಲ.