ದೋಣಿಯ ಹಿಂಗೋಡೆ: ತೇಪೆ ಸಾಕೇ, ತಿರುಳೇ ಬದಲಾಗಬೇಕೇ?

ಮಲ್ಪೆ, ಗಂಗೊಳ್ಳಿ, ತದಡಿ ಮೊದಲಾದ ಕಡೆಗಳಲ್ಲಿ ಸಣ್ಣ ಫೈಬರ್ ದೋಣಿಗಳನ್ನು ನೀವು ನೋಡಿರಬಹುದು. ಅವುಗಳ ಹಿಂತುದಿಯಲ್ಲಿ ಒಂದು ಅಡ್ಡಗೋಡೆ ಇರುತ್ತದೆ. ಹೊರಗೆ ತೂಗುವ ಔಟ್‌ಬೋರ್ಡ್ ಎಂಜಿನ್ನನ್ನು ಕಚ್ಚಿಸುವುದು ಇದಕ್ಕೇ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರಾನ್ಸಮ್ ಎಂದು ಹೆಸರು. ನಾವು ಹಿಂಗೋಡೆ ಎನ್ನೋಣ. ಕೆಲವು ವರ್ಷ ದುಡಿದ ಹಿಂಗೋಡೆಯಲ್ಲಿ ಸಣ್ಣ ಬಿರುಕುಗಳು ಕಾಣಿಸುತ್ತವೆ, ಬೋಲ್ಟಿನ ಸುತ್ತ ಕಂದು ನೀರು ಜಿನುಗುತ್ತದೆ. ಆಗ ದೋಣಿಯ ಯಜಮಾನನಿಗೆ ಪ್ರಶ್ನೆ ಏಳುತ್ತದೆ: ಮೇಲೊಂದು ತೇಪೆ ಹಾಕಿದರೆ ಸಾಕೇ, ಒಡೆದು ಹೊಸದಾಗಿ ಕಟ್ಟಬೇಕೇ, ಅಥವಾ ದೋಣಿಯನ್ನೇ ಕೈಬಿಡಬೇಕೇ?

ಉತ್ತರ ತಪ್ಪಿದರೆ ನಷ್ಟ ಕೇವಲ ಹಣದ್ದಲ್ಲ. ಅಳಿವೆಯಲ್ಲಿ ಅಲೆಗಳನ್ನು ದಾಟುವಾಗ ಎಂಜಿನ್ ಕಳಚಿಕೊಂಡರೆ ದೋಣಿ ಅಲೆಗೆ ಅಡ್ಡವಾಗಿ ತಿರುಗಿ ಮಗುಚಬಹುದು. ಹೊರಗಿನ ಬಿರುಕನ್ನು ನೋಡಿ ತೀರ್ಮಾನಿಸುವುದು ಸಲ್ಲದು. ಗೋಡೆಯೊಳಗಿನ ಮರದ ಸ್ಥಿತಿಯೇ ನಿರ್ಣಾಯಕ. ಏಕೆಂದು ನೋಡೋಣ.

ಹಿಂಗೋಡೆಯ ಮೇಲೆ ಬೀಳುವ ಬಲಗಳು

10 ಅಶ್ವಶಕ್ತಿಯ ಎಂಜಿನ್ನನ್ನು ಪರಿಗಣಿಸಿ. ಇದರ ಸಾಮರ್ಥ್ಯ ಸುಮಾರು 7,460 ವಾಟ್. ಇದರಲ್ಲಿ ಅರ್ಧದಷ್ಟು ಮಾತ್ರ ದೋಣಿಯನ್ನು ಮುಂದೂಡಲು ಬಳಕೆಯಾಗುತ್ತದೆ ಎಂದುಕೊಳ್ಳಿ. ವೇಗ ಸೆಕೆಂಡಿಗೆ 5 ಮೀಟರ್ ಇದ್ದರೆ, ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದಾಗ ನೂಕುಬಲ ಸುಮಾರು 750 ನ್ಯೂಟನ್ ಎಂದು ತಿಳಿಯುತ್ತದೆ.

ಈ ಬಲ ಹುಟ್ಟುವುದು ನೀರಿನೊಳಗಿನ ಪ್ರೊಪೆಲರಿನಲ್ಲಿ, ಅಂದರೆ ಗೋಡೆಯ ಮೇಲಂಚಿನಿಂದ ಸುಮಾರು 65 ಸೆಂಮೀ ಕೆಳಗೆ. ಆದ್ದರಿಂದ ಅದು ಎಂಜಿನ್ನನ್ನು ತಿರುಗಿಸಲು ಹವಣಿಸುತ್ತದೆ. ಟಾರ್ಕ್ 750 × 0.65, ಅಂದರೆ ಸುಮಾರು 490 ನ್ಯೂಟನ್-ಮೀಟರ್. ಎಂಜಿನ್ನಿನ ತೂಕವೂ ಅದೇ ದಿಕ್ಕಿನಲ್ಲಿ ತಿರುಗಿಸುತ್ತದೆ. 40 ಕಿಗ್ರಾಂ ರಾಶಿಯ ಗುರುತ್ವಕೇಂದ್ರ ಗೋಡೆಯಿಂದ 20 ಸೆಂಮೀ ಹಿಂದಿದ್ದರೆ ಇನ್ನೂ ಸುಮಾರು 80 ನ್ಯೂಟನ್-ಮೀಟರ್ ಸೇರುತ್ತದೆ. ಎಂಜಿನ್ನನ್ನು ಹಿಡಿದ ಕ್ಲಾಂಪಿನ ಕೆಳತುದಿ ಮೇಲಂಚಿನಿಂದ 30 ಸೆಂಮೀ ಕೆಳಗಿದೆ ಎನ್ನಿ. ಆಗ ಅದು ಗೋಡೆಯನ್ನು ಸುಮಾರು 1,900 ನ್ಯೂಟನ್ ಬಲದಿಂದ ಒಳಕ್ಕೆ ಒತ್ತುತ್ತದೆ. ಮೇಲಂಚನ್ನು ಕ್ಲಾಂಪ್ ಸುಮಾರು 1,150 ನ್ಯೂಟನ್ ಬಲದಿಂದ ಹೊರಕ್ಕೆ ಎಳೆಯುತ್ತದೆ. ದೋಣಿಯನ್ನು ನೂಕುವ ಬಲ 750 ನ್ಯೂಟನ್ ಆದರೂ ಗೋಡೆ ತಾಳಿಕೊಳ್ಳಬೇಕಾದದ್ದು ಅದರ ಎರಡೂವರೆ ಪಟ್ಟು!

ಇದು ಶಾಂತ ನೀರಿನ ಲೆಕ್ಕ. ದೋಣಿ ಅಲೆಯಿಂದ ಧುಮುಕಿ ಥಟ್ಟನೆ ತಡೆಯಲ್ಪಟ್ಟಾಗ ಅದರ ವೇಗೋತ್ಕರ್ಷ ಮೇಲ್ಮುಖವಾಗಿ ಗುರುತ್ವದ ಎರಡು ಪಟ್ಟಾದರೆ, 40 ಕಿಗ್ರಾಂ ಎಂಜಿನ್ ಆ ಕ್ಷಣ 120 ಕಿಗ್ರಾಂ ಭಾರವಿದ್ದಂತೆ ಜಗ್ಗುತ್ತದೆ. ಜೊತೆಗೆ ಕಂಪನವಿದೆ. ಮೂರು ಅಲಗಿನ ಪ್ರೊಪೆಲರು ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 120 ಮಿಡಿತ, ಗಂಟೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು. ಒಂದೇ ಏಟಿಗೆ ಜಗ್ಗದ ವಸ್ತುವೂ ಇಂಥ ಪುನರಾವರ್ತನೆಯಿಂದ ದಣಿದು ಬಿರಿಯಬಲ್ಲದು.

ತಿರುಳಿನ ಮಹತ್ವ

ಸಾಮಾನ್ಯವಾಗಿ ಹಿಂಗೋಡೆ ಎಂದರೆ ಗಾಜಿನ ನಾರು ಮತ್ತು ರಾಳದ ಎರಡು ಪದರ, ನಡುವೆ ಪ್ಲೈವುಡ್ಡಿನ ತಿರುಳು. ಪದರಗಳು ತಲಾ 4 ಮಿಮೀ, ತಿರುಳು 36 ಮಿಮೀ ಎಂದಿಟ್ಟುಕೊಳ್ಳಿ. ಹಾಳೆಯೊಂದು ಬಾಗುವಿಕೆಯನ್ನು ಎದುರಿಸುವ ಬಿಗಿತ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಪದರಗಳು ಬೇರೆಬೇರೆಯಾಗಿ ಬಾಗಿದರೆ ಬಿಗಿತ 2 × 4³ = 128 ಮಾನ. ತಿರುಳು ಅವೆರಡನ್ನೂ ದೂರದಲ್ಲಿಟ್ಟು, ಒಂದರ ಮೇಲೊಂದು ಜಾರದಂತೆ ಬೆಸೆದಿದ್ದರೆ ಬಿಗಿತ 44³ − 36³ = 38,528 ಮಾನ. ಸುಮಾರು 300 ಪಟ್ಟು ಹೆಚ್ಚು! ಮರದ ಸ್ವಂತ ಬಿಗಿತವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದೇ ಇಲ್ಲ. ಕೊಳೆತ ತಿರುಳಿನಲ್ಲೂ ಒಂದಿಷ್ಟು ಹಿಡಿತ ಉಳಿದಿರುವುದರಿಂದ ವಾಸ್ತವದಲ್ಲಿ ಕುಸಿತ ಇಷ್ಟು ತೀವ್ರವಲ್ಲ. ಆದರೆ ಪದರಗಳು ಹೊಸದರಂತೆ ಹೊಳೆಯುತ್ತಿದ್ದರೂ ತಿರುಳು ಮೆತ್ತಗಾದ ಗೋಡೆ ದುರ್ಬಲ ಎಂಬುದು ಸ್ಪಷ್ಟ.

ಮಾಡಿ ನೋಡಿ: ಎರಡು ರಟ್ಟಿನ ಪಟ್ಟಿಗಳ ನಡುವೆ ಥರ್ಮೋಕೋಲ್ ಇಡಿ. ಅಂಟಿಲ್ಲದೆ ಒಮ್ಮೆ, ಅಂಟಿಸಿ ಒಣಗಿದ ಮೇಲೆ ಇನ್ನೊಮ್ಮೆ, ಎರಡು ಪುಸ್ತಕಗಳ ನಡುವೆ ಸೇತುವೆಯಂತಿಟ್ಟು ಒಂದೇ ತೂಕವನ್ನು ಹೇರಿ. ಬಾಗಿದ ಪ್ರಮಾಣವನ್ನು ಅಳೆದು ಹೋಲಿಸಿ.

ಕೊಳೆಯುವುದು ಹೇಗೆ?

ಬೋಲ್ಟಿನ ರಂಧ್ರ, ನೀರು ಬಸಿಯುವ ತೂಬು, ಸರಿಯಾಗಿ ಮುಚ್ಚದ ಮೇಲಂಚು - ನೀರು ಒಳಹೊಗುವ ದಾರಿಗಳಿವು. ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಗಾಳಿ, ಬೆಚ್ಚನೆಯ ವಾತಾವರಣ ಮತ್ತು ತೇವ ಬೇಕು. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಅವು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಉಪ್ಪು ಅನೇಕ ಶಿಲೀಂಧ್ರಗಳನ್ನು ತಡೆಯುತ್ತದೆ. ಆದ್ದರಿಂದ ಕಡಲ ನೀರಿಗಿಂತ ದೋಣಿಯೊಳಗೆ ನಿಂತ ಮಳೆನೀರೇ ಮರಕ್ಕೆ ಹೆಚ್ಚು ಅಪಾಯಕಾರಿ.

ಪರೀಕ್ಷಿಸುವ ಕ್ರಮ

1. ಕುಟ್ಟುವುದು. ಗೋಡೆಯ ಮೇಲೆ ಚೌಕಗಳನ್ನು ಗುರುತಿಸಿ, ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ಕುಟ್ಟಿ. ಗಟ್ಟಿ ಜಾಗ ಸ್ಪಷ್ಟವಾಗಿ ನುಡಿಯುತ್ತದೆ; ಮೆತ್ತಗಾದದ್ದು ಅಥವಾ ಪದರ ಬಿಟ್ಟದ್ದು ಮಂಕಾಗಿ ನುಡಿಯುತ್ತದೆ.

2. ಬಾಗನ್ನು ಅಳೆಯುವುದು. ಗೋಡೆಯ ಒಂದು ಬದಿಯಿಂದ ಇನ್ನೊಂದಕ್ಕೆ ದಾರ ಬಿಗಿದು, ನಡುವಿನ ಅಂತರವನ್ನು ಅಳೆಯಿರಿ. ಎಂಜಿನ್ನಿನ ಕೆಳತುದಿಯನ್ನು ಒಬ್ಬರು ಒತ್ತಿ ಹಿಡಿದಾಗ ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಅದು ಎಚ್ಚರಿಕೆ. ಪ್ರತಿ ತಿಂಗಳು ಬಾಗು ಹೆಚ್ಚುತ್ತಿದ್ದರೆ ಹಾನಿ ಹರಡುತ್ತಿದೆ ಎಂದರ್ಥ.

3. ಕೊರೆದು ನೋಡುವುದು. ಸಂಶಯವಿರುವ ಕಡೆ ಒಳಬದಿಯಿಂದ 5 ಮಿಮೀ ರಂಧ್ರ ಕೊರೆದು ಮರದ ಪುಡಿಯನ್ನು ಸಂಗ್ರಹಿಸಿ. ನಿಧಾನವಾಗಿ ಕೊರೆಯಿರಿ, ಬಿಸಿಯಾದರೆ ತೇವ ಆರಿಹೋಗುತ್ತದೆ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗಿ. 2.6 ಗ್ರಾಂ ಇದ್ದದ್ದು 2.0 ಗ್ರಾಂ ಆದರೆ, ಕಳೆದ 0.6 ಗ್ರಾಮನ್ನು ಒಣ ತೂಕದಿಂದ ಭಾಗಿಸಿ: ತೇವಾಂಶ ಶೇಕಡಾ 30. ಪರೀಕ್ಷೆ ಮುಗಿದ ಮೇಲೆ ರಂಧ್ರಗಳನ್ನು ರಾಳದಿಂದ ಮುಚ್ಚಲು ಮರೆಯಬೇಡಿ.

ತೀರ್ಮಾನ

ತೇವ ಬೋಲ್ಟಿನ ಸುತ್ತ ಕೆಲವೇ ಸೆಂಮೀ ಇದ್ದು, ಆಚೆಗೆ ಒಣ, ಗಟ್ಟಿ ಮರ ಸಿಕ್ಕರೆ ಸ್ಥಳೀಯ ದುರಸ್ತಿ ಸಾಕು. ಕೆಟ್ಟ ಮರವನ್ನು ಪೂರ್ತಿ ತೆಗೆದು, ಉಳಿದದ್ದನ್ನು ಒಣಗಿಸಿ, ಎಪಾಕ್ಸಿ ರಾಳ ತುಂಬಿ, ಅದರೊಳಗೆ ಬೋಲ್ಟಿಗೆ ಹೊಸ ರಂಧ್ರ ಕೊರೆಯಬೇಕು. ಆಗ ಬೋಲ್ಟಿನ ದಾರಿಯಲ್ಲಿ ಬಂದ ನೀರು ಮರವನ್ನು ಮುಟ್ಟುವುದಿಲ್ಲ.

ತಿರುಳು ಅಗಲವಾಗಿ ಮೆತ್ತಗಾಗಿದ್ದು, ದೋಣಿಯ ಪಕ್ಕಗಳು ಹಾಗೂ ತಳ ಗಟ್ಟಿಯಿದ್ದರೆ ತಿರುಳನ್ನು ಪೂರ್ತಿ ಬದಲಿಸಬೇಕು. ಒಳಪದರ ಕತ್ತರಿಸಿ, ಮರ ತೆಗೆದು, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕೂರಿಸಿ, ಮತ್ತೆ ಗಾಜಿನ ಪದರ ಕಟ್ಟಬೇಕು. ಹೊಸ ಪದರ ಹಳೆಯದರ ಮೇಲೆ ದಪ್ಪದ 12 ಪಟ್ಟು, ಅಂದರೆ 4 ಮಿಮೀ ಪದರಕ್ಕೆ ಸುಮಾರು 5 ಸೆಂಮೀ, ಇಳಿಜಾರಾಗಿ ಹಾಯಲಿ. ಅಂಟಿನ ಕ್ಷೇತ್ರಫಲ ಹೆಚ್ಚಿದಷ್ಟೂ ಪ್ರತಿ ಚದರ ಸೆಂಮೀ ಮೇಲಿನ ಬಲ ಕಡಿಮೆ. ಅರ್ಧ ತೆಗೆದು ಅರ್ಧ ಬಿಡುವುದು ದುಬಾರಿ: ಉಳಿದ ಶಿಲೀಂಧ್ರ ಹೊಸ ಮರಕ್ಕೂ ಹಬ್ಬಬಹುದು, ಕೂಲಿ ಎರಡನೇ ಸಲ ತೆರಬೇಕಾಗುತ್ತದೆ.

ಕೊಳೆತ ತಳದ ಉದ್ದ ತೊಲೆಗಳಿಗೂ ಹಬ್ಬಿ, ಗೋಡೆ ಪಕ್ಕಗಳನ್ನು ಸೇರುವ ಮೂಲೆಗಳು ಬಿರಿದಿದ್ದರೆ ಹಿಂಗೋಡೆಯೊಂದನ್ನೇ ಕಟ್ಟಿ ಪ್ರಯೋಜನವಿಲ್ಲ. ಗೋಡೆ ತನ್ನ ಭಾರವನ್ನು ದಾಟಿಸುವುದು ಇವುಗಳಿಗೇ. ಇಲ್ಲಿ ದುರಸ್ತಿಯ ವೆಚ್ಚವನ್ನು ದೋಣಿಯ ಬೆಲೆಯೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿಯವರೆಗೆ ಎಂಜಿನ್ ಕೆಳಗಿಳಿಸುವುದೇ ಕ್ಷೇಮ.

ಮಾಡಬಾರದ ಎರಡು ಕೆಲಸಗಳಿವೆ. ಮೆತ್ತಗಿನ ಗೋಡೆಗೆ ಬೋಲ್ಟನ್ನು ಇನ್ನಷ್ಟು ಬಿಗಿದರೆ ತಿರುಳು ನಜ್ಜುಗುಜ್ಜಾಗುತ್ತದೆ. ಒದ್ದೆ ಮರದ ಮೇಲೆ ಲೋಹದ ತಗಡು ಬಡಿದರೆ ಹಾನಿ ಮರೆಯಾಗುತ್ತದೆ, ಕೊಳೆಯುವುದು ನಿಲ್ಲುವುದಿಲ್ಲ.

ಕಾಲವೂ ಮುಖ್ಯ. ಮಳೆಗಾಲದಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 90 ಇದ್ದಾಗ ನೆರಳಿನಲ್ಲಿಟ್ಟ ಮರದ ತೇವಾಂಶವೂ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆರ್ದ್ರತೆ 70ಕ್ಕಿಳಿದರೆ ಸುಮಾರು 13ಕ್ಕೆ ಬರುತ್ತದೆ. ಒದ್ದೆ ಮರಕ್ಕೆ ರಾಳ ಸರಿಯಾಗಿ ಹಿಡಿಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರೀಕೃತ ದೋಣಿಗಳು ದಡದಲ್ಲಿರುವಾಗ, ಸಣ್ಣ ನಾಡದೋಣಿಗಳು ಒರಟು ಕಡಲಿಗಿಳಿಯುತ್ತವೆ. ಆದ್ದರಿಂದ ಪರೀಕ್ಷೆ, ದುರಸ್ತಿ ಎರಡೂ ಮಳೆಗೆ ಮುಂಚೆಯೇ ಮುಗಿಯಬೇಕು.

ಕರಾವಳಿಯ ಶಿಕ್ಷಕರು ತಮ್ಮ ಪ್ರಯೋಗಾಲಯದ ತಕ್ಕಡಿ, ಒಲೆಗಳಿಂದ ಊರಿನ ದೋಣಿಯೊಂದರ ತೇವಾಂಶವನ್ನು ವಿದ್ಯಾರ್ಥಿಗಳಿಂದಲೇ ಅಳೆಯಿಸಬಹುದು. ಗಾಜಿನ ಪುಡಿ ಉಸಿರಿನೊಳಗೆ ಹೋಗದಂತೆ ಮೂಗಿಗೆ ಮುಖಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಬಂದ ಅಂಕಿಗಳನ್ನು ದೋಣಿಯವರಿಗೆ ತಲುಪಿಸಿ. ಮುಂದಿನ ಮಳೆಗಾಲಕ್ಕೆ ಆ ದೋಣಿ ಕಡಲಿಗಿಳಿಯಬೇಕೇ ಎಂದು ನಿರ್ಧರಿಸಲು ಅವರಿಗೆ ಅವು ಬೇಕಾಗುತ್ತವೆ.