ಕಮಾಂಡ್ ಲೈನ್ ಮೂಲಕ ತೆಗೆಯಬಹುದಾದ ಶೇಖರಣಾ ಸಾಧನಗಳನ್ನು ಹೊರತೆಗೆಯುವುದು

ತೆಗೆಯಬಹುದಾದ ಶೇಖರಣಾ ಸಾಧನಗಳನ್ನು ಕಮಾಂಡ್ ಲೈನ್ ಮೂಲಕ ಹೊರತೆಗೆಯುವುದು ಎಂದರೆ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಬಾಹ್ಯ ಹಾರ್ಡ್ ಡಿಸ್ಕ್, ಸಿ.ಡಿ. ಮತ್ತು ಡಿ.ವಿ.ಡಿ. ಮುಂತಾದವುಗಳನ್ನು ಗಣಕಯಂತ್ರದಿಂದ ಬೇರ್ಪಡಿಸುವ ಮೊದಲು, ಅಕ್ಷರರೂಪದ ಆಜ್ಞೆಗಳ ಮೂಲಕ ಅವುಗಳ ಬಳಕೆಯನ್ನು ಕ್ರಮಬದ್ಧವಾಗಿ ಮುಕ್ತಾಯಗೊಳಿಸುವ ಕ್ರಿಯೆಯಾಗಿದೆ. ಚಿತ್ರಾತ್ಮಕ ಪರದೆಯಲ್ಲಿ ಇದೇ ಕೆಲಸವನ್ನು ಮೌಸ್ ಬಳಸಿ ಒಂದು ಚಿಹ್ನೆಯನ್ನು ಒತ್ತುವುದರಿಂದ ಮಾಡಬಹುದು. ಚಿತ್ರಾತ್ಮಕ ಪರದೆ ಇಲ್ಲದ ಸರ್ವರ್‌ಗಳಲ್ಲಿ, ದೂರದಿಂದ ನಿಯಂತ್ರಿಸುವ ಯಂತ್ರಗಳಲ್ಲಿ, ಹಳೆಯ ಗಣಕಯಂತ್ರಗಳಲ್ಲಿ ಹಾಗೂ ಚಿಹ್ನೆಯನ್ನು ಒತ್ತಿದಾಗ ಸಾಧನವು ಹೊರಬರಲು ನಿರಾಕರಿಸುವ ಸಂದರ್ಭಗಳಲ್ಲಿ ಆಜ್ಞೆಗಳು ಉಪಯುಕ್ತವಾಗಿವೆ. ಈ ಕ್ರಿಯೆಯ ಮುಖ್ಯ ಉದ್ದೇಶ ಸಾಧನವನ್ನು ಭೌತಿಕವಾಗಿ ಹೊರಗೆ ತಳ್ಳುವುದಲ್ಲ. ಅದರಲ್ಲಿ ಬರೆಯಬೇಕಾದ ದತ್ತಾಂಶವೆಲ್ಲ ನಿಜವಾಗಿಯೂ ಬರೆಯಲ್ಪಟ್ಟಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

ಈ ಲೇಖನದಲ್ಲಿ ಆಜ್ಞೆಗಳನ್ನು ಅವುಗಳ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಅಗತ್ಯ

ಕಡತವೊಂದನ್ನು ಪೆನ್ ಡ್ರೈವ್‌ಗೆ ನಕಲು ಮಾಡಿದಾಗ ಕಾರ್ಯಾಚರಣ ವ್ಯವಸ್ಥೆಯು ಅದನ್ನು ಕೂಡಲೇ ಸಾಧನಕ್ಕೆ ಬರೆಯದೇ ಇರಬಹುದು. ಮೊದಲು ಅದನ್ನು ಗಣಕಯಂತ್ರದ ಮೆಮೊರಿಯಲ್ಲಿ ಇರಿಸಿಕೊಂಡು, ನಂತರ ಅನುಕೂಲ ನೋಡಿ ಸಾಧನಕ್ಕೆ ವರ್ಗಾಯಿಸುತ್ತದೆ. ಪೆನ್ ಡ್ರೈವ್‌ನ ಬರಹದ ವೇಗವು ಮೆಮೊರಿಯ ವೇಗಕ್ಕಿಂತ ಬಹಳ ಕಡಿಮೆ ಇರುವುದೇ ಇದಕ್ಕೆ ಕಾರಣ. ಹೀಗಾಗಿ ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ದತ್ತಾಂಶದ ಒಂದು ಭಾಗ ಇನ್ನೂ ಮೆಮೊರಿಯಲ್ಲೇ ಉಳಿದಿರುವ ಸಾಧ್ಯತೆ ಇರುತ್ತದೆ. ಲಿನಕ್ಸ್ ಕರ್ನೆಲ್‌ನ ಪೂರ್ವನಿಗದಿತ ವ್ಯವಸ್ಥೆಯಲ್ಲಿ, ಹೀಗೆ ಬಾಕಿ ಉಳಿದ ದತ್ತಾಂಶವನ್ನು ಬರೆಯುವ ಪ್ರಕ್ರಿಯೆಯು 5 ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುತ್ತದೆ ಮತ್ತು 30 ಸೆಕೆಂಡಿಗಿಂತ ಹಳೆಯದಾದ ದತ್ತಾಂಶವನ್ನು ಬರೆಯಲು ಆರಂಭಿಸುತ್ತದೆ. ದೊಡ್ಡ ಕಡತವಾದರೆ ಈ ಬರಹ ಪೂರ್ಣಗೊಳ್ಳಲು ಹಲವು ನಿಮಿಷಗಳೇ ಬೇಕಾಗಬಹುದು.

ಇದಲ್ಲದೆ ಒಂದು ಕಡತವನ್ನು ಉಳಿಸುವುದೆಂದರೆ ಸಾಧನದ ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಬರೆಯುವುದು. ಪೆನ್ ಡ್ರೈವ್‌ಗಳಲ್ಲಿ ವ್ಯಾಪಕವಾಗಿ ಬಳಸುವ ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಕಡತದ ಒಳಹೂರಣ ಒಂದು ಕಡೆ, ಅದು ಯಾವ ಯಾವ ಖಂಡಗಳಲ್ಲಿ ಹಂಚಿಹೋಗಿದೆ ಎಂಬ ಕೋಷ್ಟಕ ಇನ್ನೊಂದು ಕಡೆ, ಕಡತದ ಹೆಸರು ಮತ್ತು ಗಾತ್ರ ಮತ್ತೊಂದು ಕಡೆ ಇರುತ್ತವೆ. ಈ ಮೂರರಲ್ಲಿ ಒಂದು ಬರೆಯಲ್ಪಟ್ಟು ಉಳಿದವು ಬಾಕಿ ಇರುವಾಗ ಸಾಧನವನ್ನು ಕಿತ್ತರೆ ಹೆಸರು ಮಾತ್ರ ಕಂಡು ಗಾತ್ರ ಸೊನ್ನೆಯಾಗಿರುವ ಕಡತ, ಅರ್ಧಕ್ಕೆ ನಿಂತ ಕಡತ ಅಥವಾ ತೆರೆಯಲಾಗದ ಕಡತಕೋಶ ಉಳಿಯುತ್ತದೆ. ಬಾಕಿ ಇದ್ದ ಕೆಲಸಗಳ ದಾಖಲೆಯನ್ನು ಇಟ್ಟುಕೊಂಡು ನಂತರ ಸರಿಪಡಿಸಿಕೊಳ್ಳುವ ಏರ್ಪಾಡು ಫ್ಯಾಟ್ ವ್ಯವಸ್ಥೆಯಲ್ಲಿ ಇಲ್ಲ. ಕೋಷ್ಟಕವೇ ಹಾಳಾದಲ್ಲಿ ಆ ದಿನ ಮುಟ್ಟದೇ ಇದ್ದ ಹಳೆಯ ಕಡತಗಳೂ ಕೈತಪ್ಪಬಹುದು.

ಹಿನ್ನೆಲೆ

ಮಾಹಿತಿಯನ್ನು ಯಂತ್ರದಿಂದ ಬೇರ್ಪಡಿಸಿ ಒಯ್ಯಬಹುದಾದ ಮಾಧ್ಯಮದಲ್ಲಿ ಇಡುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಮಗ್ಗದ ಸಾಧನದಲ್ಲಿ ಸೀರೆಯ ಅಥವಾ ಬಟ್ಟೆಯ ವಿನ್ಯಾಸವು ರಂಧ್ರಗಳುಳ್ಳ ರಟ್ಟುಗಳ ಸರಪಳಿಯಲ್ಲಿ ಇರುತ್ತದೆ. ಸರಪಳಿಯನ್ನು ಬದಲಿಸಿದರೆ ಅದೇ ಮಗ್ಗ ಬೇರೆ ವಿನ್ಯಾಸವನ್ನು ನೇಯುತ್ತದೆ. ಇದೇ ತತ್ತ್ವದ ರಂಧ್ರಪತ್ರಗಳು ಮುಂದೆ ಗಣಕಯಂತ್ರಗಳಿಗೂ ಬಂದವು. ಇಂದಿನ ವಿದ್ಯುನ್ಮಾನ ಜಕಾರ್ಡ್ ಯಂತ್ರಗಳಲ್ಲಿ ರಟ್ಟುಗಳ ಬದಲು ವಿನ್ಯಾಸದ ಕಡತಗಳಿದ್ದು, ಅವುಗಳನ್ನು ಪೆನ್ ಡ್ರೈವ್ ಮೂಲಕ ಯಂತ್ರಕ್ಕೆ ಊಡಿಸುವುದು ಸಾಮಾನ್ಯವಾಗಿದೆ. ರಟ್ಟಿನಲ್ಲಿ ಕೊರೆದ ರಂಧ್ರ ಆ ಕ್ಷಣದಿಂದಲೇ ಶಾಶ್ವತ. ಕಡತಕ್ಕೆ ಆ ಖಾತ್ರಿ ದೊರೆಯುವುದು ಬರಹ ಪೂರ್ಣಗೊಂಡ ನಂತರವಷ್ಟೆ.

1971ರ ನವೆಂಬರ್‌ನಲ್ಲಿ ಹೊರಬಂದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿಯೇ ಮೌಂಟ್ ಮತ್ತು ಯುಮೌಂಟ್ ಎಂಬ ಎರಡು ಆಜ್ಞೆಗಳ ವಿವರಣೆ ಇದೆ. ಮೌಂಟ್ ಎಂದರೆ ಸಾಧನದಲ್ಲಿರುವ ಕಡತಗಳನ್ನು ಗಣಕಯಂತ್ರದ ಒಂದು ಕಡತಕೋಶಕ್ಕೆ ಜೋಡಿಸುವುದು; ಯುಮೌಂಟ್ ಎಂದರೆ ಆ ಜೋಡಣೆಯನ್ನು ಬಿಡಿಸುವುದು. ಅನ್‌ಮೌಂಟ್ ಎಂಬ ಪದದ ಮೊದಲ 'ಎನ್' ಅಕ್ಷರ ಈ ಆಜ್ಞೆಯ ಹೆಸರಿನಲ್ಲಿ ಇಲ್ಲ. ಹೊಸದಾಗಿ ಕಲಿಯುವವರು ಆ ಅಕ್ಷರವನ್ನೂ ಸೇರಿಸಿ ಬರೆದು, ಅಂತಹ ಆಜ್ಞೆ ಇಲ್ಲವೆಂಬ ಉತ್ತರ ಪಡೆಯುವುದು ಸಾಮಾನ್ಯ.

1984ರ ಮ್ಯಾಕಿಂತೋಷ್ ಗಣಕಯಂತ್ರದಲ್ಲಿ ಫ್ಲಾಪಿಯನ್ನು ಮೋಟಾರು ಹೊರತಳ್ಳುತ್ತಿತ್ತು. ಬಳಕೆದಾರರು ಒತ್ತಬಹುದಾದ ಗುಂಡಿ ಅದಕ್ಕೆ ಇರಲಿಲ್ಲ. ಸಿ.ಡಿ. ಡ್ರೈವ್‌ಗಳಲ್ಲಿ ಗುಂಡಿ ಇದ್ದರೂ, ಡಿಸ್ಕ್ ಬಳಕೆಯಲ್ಲಿರುವಾಗ ತಟ್ಟೆಯನ್ನು ತೆರೆಯದಂತೆ ಕಾರ್ಯಾಚರಣ ವ್ಯವಸ್ಥೆಯು ಬೀಗ ಹಾಕಬಲ್ಲದು. 2000ರಲ್ಲಿ ಮಾರುಕಟ್ಟೆಗೆ ಬಂದ ಪೆನ್ ಡ್ರೈವ್‌ಗೆ ಅಂತಹ ಬೀಗವಿಲ್ಲ. ಯಾರು ಯಾವಾಗ ಬೇಕಾದರೂ ಅದನ್ನು ಕಿತ್ತುಕೊಳ್ಳಬಹುದು. ಹೀಗಾಗಿ ಯಂತ್ರ ವಹಿಸುತ್ತಿದ್ದ ಎಚ್ಚರಿಕೆಯನ್ನು ಬಳಕೆದಾರರೇ ವಹಿಸಬೇಕಾಯಿತು.

ಲಿನಕ್ಸ್‌ನಲ್ಲಿ

ಮೊದಲು ಸಾಧನವನ್ನು ಗುರುತಿಸಬೇಕು. 'ಎಲ್ಎಸ್‌ಬಿಎಲ್‌ಕೆ' ಎಂಬ ಆಜ್ಞೆಯು ಜೋಡಣೆಗೊಂಡಿರುವ ಎಲ್ಲ ಡಿಸ್ಕ್‌ಗಳನ್ನು, ಅವುಗಳ ಗಾತ್ರ ಮತ್ತು ಮೌಂಟ್ ಆದ ಸ್ಥಳದೊಂದಿಗೆ ಪಟ್ಟಿ ಮಾಡುತ್ತದೆ. ಗಣಕಯಂತ್ರದ ಒಳಗಿನ ಡಿಸ್ಕ್ 'ಎಸ್‌ಡಿಎ' ಎಂದಿದ್ದರೆ ಪೆನ್ ಡ್ರೈವ್ 'ಎಸ್‌ಡಿಬಿ' ಎಂದೂ, ಅದರ ಮೊದಲ ವಿಭಾಗ 'ಎಸ್‌ಡಿಬಿ1' ಎಂದೂ ಕಾಣಬಹುದು. ಈ ಹೆಸರುಗಳು ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ. ಆದುದರಿಂದ ಗಾತ್ರವನ್ನು ನೋಡಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಸಾಧನವನ್ನು ಹೊರತೆಗೆಯಲು ಬಳಸುವ ಮುಖ್ಯ ಆಜ್ಞೆಗಳು ಇವು:

ಸಿಂಕ್: ಮೆಮೊರಿಯಲ್ಲಿ ಬಾಕಿ ಇರುವ ದತ್ತಾಂಶವನ್ನು ಸಾಧನಗಳಿಗೆ ಬರೆಯುತ್ತದೆ. ಲಿನಕ್ಸ್‌ನಲ್ಲಿ ಬರಹ ಮುಗಿಯುವವರೆಗೂ ಈ ಆಜ್ಞೆ ಕಾಯುತ್ತದೆ. ಆದರೆ ಇದು ಸಾಧನವನ್ನು ಬೇರ್ಪಡಿಸುವುದಿಲ್ಲ. ಇದರ ನಂತರ ಬೇರೊಂದು ತಂತ್ರಾಂಶ ಮತ್ತೆ ಬರೆಯಲು ಆರಂಭಿಸಬಹುದು.

ಯುಮೌಂಟ್: ಬಾಕಿ ದತ್ತಾಂಶವನ್ನು ಬರೆದು ಮುಗಿಸಿ, ಸಾಧನದ ಕಡತ ವ್ಯವಸ್ಥೆಯನ್ನು ಬಿಡಿಸುತ್ತದೆ. ಆಜ್ಞೆಯ ಮುಂದೆ ಸಾಧನದ ಹೆಸರನ್ನು ಅಥವಾ ಅದು ಮೌಂಟ್ ಆಗಿರುವ ಕಡತಕೋಶದ ಹೆಸರನ್ನು ನೀಡಬೇಕು. ಆಜ್ಞೆ ಯಾವ ಸಂದೇಶವನ್ನೂ ನೀಡದೆ ಮುಗಿದರೆ ಕೆಲಸ ಸಫಲವಾಗಿದೆ ಎಂದರ್ಥ.

ಎಜೆಕ್ಟ್: ಸಾಧನವನ್ನು ಮೊದಲು ಅನ್‌ಮೌಂಟ್ ಮಾಡಿ, ನಂತರ ಹೊರಹಾಕುವ ಸೂಚನೆಯನ್ನು ಯಂತ್ರಾಂಶಕ್ಕೆ ಕಳುಹಿಸುತ್ತದೆ. ಸಿ.ಡಿ. ಡ್ರೈವ್ ಆದರೆ ತಟ್ಟೆ ಹೊರಬರುತ್ತದೆ. ಹೈಫನ್ ಮತ್ತು 'ಟಿ' ಅಕ್ಷರವನ್ನು ಸೇರಿಸಿದರೆ, ಯಂತ್ರಾಂಶಕ್ಕೆ ಆ ಸಾಮರ್ಥ್ಯವಿದ್ದಲ್ಲಿ ತಟ್ಟೆ ಒಳಸೇರುತ್ತದೆ. ಅನೇಕ ಗಣಕಯಂತ್ರಗಳ ಸಾಲಿನಲ್ಲಿ ದೂರದಿಂದ ನಿರ್ವಹಿಸುತ್ತಿರುವ ಯಂತ್ರ ಯಾವುದೆಂದು ಗುರುತಿಸಲು ಅದರ ತಟ್ಟೆಯನ್ನು ಹೊರತರುವ ರೂಢಿಯೂ ನಿರ್ವಾಹಕರಲ್ಲಿದೆ.

ಯುಡಿಸ್ಕ್ಸ್‌ಸಿಟಿಎಲ್: ಇದರ 'ಅನ್‌ಮೌಂಟ್' ಉಪ ಆಜ್ಞೆಯು ಸಾಮಾನ್ಯ ಬಳಕೆದಾರರಿಗೂ ತಾವು ಜೋಡಿಸಿದ ಸಾಧನವನ್ನು ಬಿಡಿಸಲು ಅವಕಾಶ ನೀಡುತ್ತದೆ. 'ಪವರ್-ಆಫ್' ಉಪ ಆಜ್ಞೆಯು ಸಾಧನದ ಕೆಲಸವನ್ನು ನಿಲ್ಲಿಸಿ ಅದನ್ನು ಸುರಕ್ಷಿತವಾಗಿ ತೆಗೆಯಬಹುದಾದ ಸ್ಥಿತಿಗೆ ತರುತ್ತದೆ. ತಿರುಗುವ ತಟ್ಟೆಗಳಿರುವ ಬಾಹ್ಯ ಹಾರ್ಡ್ ಡಿಸ್ಕ್‌ಗೆ ಇದು ವಿಶೇಷವಾಗಿ ಸೂಕ್ತ.

ಟೇಪ್‌ಗಳಿಗೆ 'ಎಂಟಿ' ಎಂಬ ಪ್ರತ್ಯೇಕ ಆಜ್ಞೆ ಇದೆ. ಅದರ 'ಆಫ್‌ಲೈನ್' ಕ್ರಿಯೆಯು ಟೇಪನ್ನು ಮೊದಲಿಗೆ ಸುತ್ತಿ ಹೊರಹಾಕುತ್ತದೆ.

ಕಡತಕೋಶದ ಹೆಸರು ಕನ್ನಡದಲ್ಲಿದ್ದರೂ ಈ ಆಜ್ಞೆಗಳು ಕೆಲಸ ಮಾಡುತ್ತವೆ. ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಪೂರ್ಣ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಕನ್ನಡ ಕೀಲಿಮಣೆ ವಿನ್ಯಾಸ ಲಭ್ಯವಿಲ್ಲದಿದ್ದಾಗ ಕಡತಕೋಶದ ಬದಲು ಸಾಧನದ ಹೆಸರನ್ನೇ ನೀಡುವುದು ಸುಲಭ.

ಸಾಧನ ಬಳಕೆಯಲ್ಲಿದೆ ಎಂಬ ಸಂದೇಶ

ಯುಮೌಂಟ್ ಆಜ್ಞೆಯು ಕೆಲವೊಮ್ಮೆ ಸಾಧನವು ಬಳಕೆಯಲ್ಲಿದೆ ಎಂದು ತಿಳಿಸಿ ನಿಲ್ಲುತ್ತದೆ. ಇದು ದೋಷವಲ್ಲ, ಎಚ್ಚರಿಕೆ. ಯಾವುದೋ ತಂತ್ರಾಂಶ ಆ ಸಾಧನದ ಕಡತವೊಂದನ್ನು ಇನ್ನೂ ತೆರೆದಿಟ್ಟುಕೊಂಡಿದೆ ಎಂಬುದು ಇದರ ಅರ್ಥ. ಬಹುತೇಕ ಸಂದರ್ಭಗಳಲ್ಲಿ ಕಾರಣ ಸರಳವಾಗಿರುತ್ತದೆ: ಟರ್ಮಿನಲ್ ಆ ಪೆನ್ ಡ್ರೈವ್‌ನ ಕಡತಕೋಶದ ಒಳಗೇ ನಿಂತಿರುತ್ತದೆ. 'ಸಿಡಿ' ಆಜ್ಞೆಯಿಂದ ಬೇರೆ ಕಡತಕೋಶಕ್ಕೆ ಹೋದರೆ ಸಮಸ್ಯೆ ಪರಿಹಾರವಾಗುತ್ತದೆ.

ಕಾರಣ ತಿಳಿಯದಿದ್ದಾಗ 'ಎಲ್‌ಎಸ್‌ಓಎಫ್' ಅಥವಾ 'ಫ್ಯೂಸರ್' ಆಜ್ಞೆಗಳಿಂದ ಸಾಧನವನ್ನು ಹಿಡಿದಿಟ್ಟಿರುವ ತಂತ್ರಾಂಶದ ಹೆಸರು ಹಾಗೂ ಸಂಖ್ಯೆಯನ್ನು ತಿಳಿಯಬಹುದು. ಆ ತಂತ್ರಾಂಶದಲ್ಲಿ ಕಡತವನ್ನು ಉಳಿಸಿ, ಅದನ್ನು ಮುಚ್ಚಿ, ಮತ್ತೆ ಯುಮೌಂಟ್ ಮಾಡುವುದು ಸರಿಯಾದ ಕ್ರಮ. ಫ್ಯೂಸರ್ ಆಜ್ಞೆಗೆ 'ಕೆ' ಆಯ್ಕೆಯನ್ನು ಸೇರಿಸಿದರೆ ಅಂತಹ ತಂತ್ರಾಂಶಗಳನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಆಗ ಉಳಿಸದೇ ಇದ್ದ ಬರಹ ಕಳೆದುಹೋಗುತ್ತದೆ.

ಯುಮೌಂಟ್ ಆಜ್ಞೆಗೆ 'ಎಲ್' ಆಯ್ಕೆಯನ್ನು ನೀಡಿದರೆ ಸಾಧನವು ಕಡತಗಳ ಪಟ್ಟಿಯಿಂದ ಕೂಡಲೇ ಮರೆಯಾಗುತ್ತದೆ. ಆದರೆ ತೆರೆದಿರುವ ಕಡತಗಳು ಮುಚ್ಚುವವರೆಗೆ ಒಳಗೆ ಬರಹ ಮುಂದುವರಿಯಬಹುದು. ಪರದೆಯ ಮೇಲೆ ಸಾಧನ ಕಾಣಿಸುವುದಿಲ್ಲವೆಂದು ಅದನ್ನು ಕಿತ್ತರೆ ದತ್ತಾಂಶ ಹಾಳಾಗುವ ಅಪಾಯವಿದೆ. ತೆಗೆಯಬಹುದಾದ ಸಾಧನಗಳಿಗೆ ಈ ಆಯ್ಕೆ ಸೂಕ್ತವಲ್ಲ.

ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ

ಮ್ಯಾಕ್ ಗಣಕಯಂತ್ರಗಳಲ್ಲಿ 'ಡಿಸ್ಕ್‌ಯುಟಿಲ್ ಲಿಸ್ಟ್' ಆಜ್ಞೆಯಿಂದ ಸಾಧನಗಳ ಪಟ್ಟಿಯನ್ನು ಪಡೆದು, 'ಡಿಸ್ಕ್‌ಯುಟಿಲ್ ಎಜೆಕ್ಟ್' ಆಜ್ಞೆಯೊಂದಿಗೆ ಸಾಧನದ ಹೆಸರನ್ನು ನೀಡಬೇಕು. ಸಾಧನದಲ್ಲಿ ಹಲವು ವಿಭಾಗಗಳಿದ್ದರೆ ಎಲ್ಲವೂ ಒಟ್ಟಿಗೆ ಬಿಡುಗಡೆಯಾಗುತ್ತವೆ. ಸಿ.ಡಿ. ಹಾಗೂ ಡಿ.ವಿ.ಡಿ.ಗಳಿಗೆ 'ಡಿಆರ್‌ಯುಟಿಲ್ ಎಜೆಕ್ಟ್' ಆಜ್ಞೆ ಇದೆ.

ವಿಂಡೋಸ್‌ನಲ್ಲಿ ಎಜೆಕ್ಟ್ ಎಂಬ ಹೆಸರಿನ ಸ್ವತಂತ್ರ ಆಜ್ಞೆ ಇಲ್ಲ. ನಿರ್ವಾಹಕರ ಅಧಿಕಾರದೊಂದಿಗೆ 'ಮೌಂಟ್‌ವಾಲ್' ಆಜ್ಞೆಗೆ ಡ್ರೈವ್‌ನ ಅಕ್ಷರ ಮತ್ತು 'ಪಿ' ಆಯ್ಕೆಯನ್ನು ನೀಡಿದರೆ ಆ ಡ್ರೈವ್ ಬೇರ್ಪಡುತ್ತದೆ. ಇದು ತೆರೆದಿರುವ ಕಡತಗಳ ಹಿಡಿತವನ್ನು ಬಲವಂತವಾಗಿ ಬಿಡಿಸುವುದರಿಂದ, ಮೊದಲು ಎಲ್ಲ ಕಡತಗಳನ್ನು ಉಳಿಸಿ ಮುಚ್ಚಿರಬೇಕು. ಪವರ್‌ಶೆಲ್‌ನ 'ರೈಟ್-ವಾಲ್ಯೂಮ್‌ಕ್ಯಾಶ್' ಆಜ್ಞೆಯು ಬಾಕಿ ದತ್ತಾಂಶವನ್ನು ಬರೆಯುತ್ತದೆ, ಆದರೆ ಸಾಧನವನ್ನು ಬೇರ್ಪಡಿಸುವುದಿಲ್ಲ.

2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಬಾಹ್ಯ ಸಾಧನಗಳಿಗೆ ಶೀಘ್ರ ತೆಗೆಯುವಿಕೆಯ ನೀತಿಯು ಪೂರ್ವನಿಗದಿಯಾಗಿದೆ. ಇದರಲ್ಲಿ ವಿಂಡೋಸ್ ಬರಹವನ್ನು ಮೆಮೊರಿಯಲ್ಲಿ ತಡೆದಿಡುವುದಿಲ್ಲ. ಆದರೂ ನಕಲು ನಡೆಯುತ್ತಿರುವಾಗಲೇ ಸಾಧನವನ್ನು ಕಿತ್ತರೆ ಈ ನೀತಿಯಿಂದ ರಕ್ಷಣೆ ದೊರೆಯದು. ಅಲ್ಲದೆ ಈ ನೀತಿ ಲಿನಕ್ಸ್‌ಗೆ ಅನ್ವಯಿಸುವುದಿಲ್ಲ. ವಿಂಡೋಸ್‌ನಲ್ಲಿ ಪೆನ್ ಡ್ರೈವ್ ಅನ್ನು ನೇರವಾಗಿ ಕಿತ್ತು ರೂಢಿಯಾದವರು ಲಿನಕ್ಸ್‌ನಲ್ಲಿಯೂ ಹಾಗೆಯೇ ಮಾಡಿದರೆ ಕಡತ ಕಳೆದುಕೊಳ್ಳುವ ಸಂಭವ ಹೆಚ್ಚು.

ಕರ್ನಾಟಕದ ಸಂದರ್ಭ

ಕರ್ನಾಟಕದ ಶಾಲಾ ಶಿಕ್ಷಣದಲ್ಲಿ ಈ ವ್ಯತ್ಯಾಸಕ್ಕೆ ಪ್ರಾಯೋಗಿಕ ಮಹತ್ತ್ವವಿದೆ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದ ತರಬೇತಿಗಳಲ್ಲಿ ಲಿನಕ್ಸ್ ಆಧಾರಿತ ಉಬುಂಟು ಹಾಗೂ ಇತರ ಮುಕ್ತ ತಂತ್ರಾಂಶಗಳನ್ನು ಬಳಸಲಾಯಿತು. ಶಾಲೆಯ ಗಣಕಯಂತ್ರದಲ್ಲಿ ಉಬುಂಟು, ಮುದ್ರಣದ ಅಂಗಡಿಯಲ್ಲಿ ವಿಂಡೋಸ್ ಇದ್ದಾಗ ಒಂದೇ ಪೆನ್ ಡ್ರೈವ್ ಎರಡು ಬಗೆಯ ವ್ಯವಸ್ಥೆಗಳ ನಡುವೆ ಓಡಾಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ಓಡಾಟದ ದೂರವೇ ನಷ್ಟದ ಪ್ರಮಾಣವನ್ನು ನಿರ್ಧರಿಸುತ್ತದೆ. ಹಳ್ಳಿಯ ವಿದ್ಯಾರ್ಥಿಯು ಅರ್ಜಿ ಅಥವಾ ಯೋಜನಾ ವರದಿಯನ್ನು ತಾಲ್ಲೂಕು ಕೇಂದ್ರದಲ್ಲಿ ಮುದ್ರಿಸಲು ಬಸ್ಸಿನಲ್ಲಿ ಬಂದಾಗ, ಕಡತದ ಗಾತ್ರ ಸೊನ್ನೆ ಎಂದು ತಿಳಿಯುವುದು ಅಂಗಡಿಯಲ್ಲಿ. ಮೂಲ ಪ್ರತಿ ಊರಿನ ಗಣಕಯಂತ್ರದಲ್ಲಿರುತ್ತದೆ. ಅರ್ಜಿಯ ಕೊನೆಯ ದಿನವಾದರೆ ಹಿಂದಿರುಗಿ ತರಲು ಸಮಯವಿರುವುದಿಲ್ಲ. ಚಳ್ಳಕೆರೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು 1,500 ಎಕರೆಯ ಆವರಣವನ್ನು ಹೊಂದಿದ್ದು, ಅಲ್ಲಿನ ಪ್ರತಿಭಾ ವಿಕಸನ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡಲಾಗುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಪಾಠದ ಸಾಮಗ್ರಿಯಾಗಲಿ, ಪ್ರಯೋಗದ ಅಳತೆಗಳಾಗಲಿ, ಸೀರೆಯ ಅಂಚಿನ ವಿನ್ಯಾಸವಾಗಲಿ, ಪ್ರತಿ ಒಂದೇ ಇದ್ದು ಅದು ಪೆನ್ ಡ್ರೈವ್‌ನಲ್ಲಿದ್ದರೆ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ.

ಕನ್ನಡ ಕಡತಗಳ ವಿಷಯದಲ್ಲಿ ಇನ್ನೊಂದು ಗೊಂದಲವೂ ಇದೆ. ನುಡಿ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಇದು ಪೆನ್ ಡ್ರೈವ್ ಅನ್ನು ತಪ್ಪಾಗಿ ತೆಗೆದುದರ ಪರಿಣಾಮವಲ್ಲ. ಅಕ್ಷರಶೈಲಿಯನ್ನು ಅಳವಡಿಸಿದರೆ ಬರಹ ಸರಿಯಾಗಿ ಕಾಣುತ್ತದೆ. ಹಾಳಾದ ಕಡತವಾದರೆ ತೆರೆಯುವುದೇ ಇಲ್ಲ, ಅಥವಾ ಅದರ ಗಾತ್ರ ಮೂಲಕ್ಕಿಂತ ಬೇರೆಯಾಗಿರಬಹುದು.

ತಪ್ಪಾಗಿ ತೆಗೆದ ನಂತರದ ಕ್ರಮ

ಸಾಧನವನ್ನು ಅಕಸ್ಮಾತ್ ಕಿತ್ತಿದ್ದಲ್ಲಿ ಅದಕ್ಕೆ ಹೊಸದಾಗಿ ಏನನ್ನೂ ಬರೆಯಬಾರದು. ಹೊಸ ಬರಹವು ಚೇತರಿಸಿಕೊಳ್ಳಬಹುದಾಗಿದ್ದ ದತ್ತಾಂಶದ ಸ್ಥಳವನ್ನು ಆಕ್ರಮಿಸಬಹುದು. ಓದಲು ಸಾಧ್ಯವಿರುವ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ನಂತರ ಲಿನಕ್ಸ್‌ನಲ್ಲಿ ಸಾಧನವನ್ನು ಅನ್‌ಮೌಂಟ್ ಮಾಡಿದ ಸ್ಥಿತಿಯಲ್ಲಿ 'ಎಫ್‌ಎಸ್‌ಸಿಕೆ' ಆಜ್ಞೆಯಿಂದ, ವಿಂಡೋಸ್‌ನಲ್ಲಿ 'ಚೆಕ್‌ಡಿಸ್ಕ್' ಆಜ್ಞೆಯಿಂದ ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸಬಹುದು. ಈ ಆಜ್ಞೆಗಳು ಕೋಷ್ಟಕಗಳನ್ನು ಸರಿಪಡಿಸುತ್ತವೆಯೇ ಹೊರತು, ಮೆಮೊರಿಯಿಂದ ಸಾಧನಕ್ಕೆ ತಲುಪದೇ ಹೋದ ದತ್ತಾಂಶವನ್ನು ಮರಳಿ ತರಲಾರವು. ಮೂಲ ಕಡತ ಗಣಕಯಂತ್ರದಲ್ಲಿ ಉಳಿದಿದ್ದರೆ ಅದನ್ನು ಮತ್ತೊಮ್ಮೆ ನಕಲು ಮಾಡುವುದೇ ಪರಿಹಾರ. ಈ ಕಾರಣದಿಂದ, ಪೆನ್ ಡ್ರೈವ್‌ಗೆ ಸಾಗಿಸಿದ ಕಡತದ ಮೂಲ ಪ್ರತಿಯನ್ನು, ನಕಲು ಇನ್ನೊಂದು ಗಣಕಯಂತ್ರದಲ್ಲಿ ಸರಿಯಾಗಿ ತೆರೆಯುವವರೆಗೆ ಅಳಿಸದಿರುವುದು ಉತ್ತಮ.