ಅಪ್ಪನ ತಂಡ, ಮಗನ ಕಾರು

ಫಾರ್ಮುಲಾ ಒನ್ ಕಾರ್ ರೇಸ್ ಅಂದ ಕೂಡಲೇ, "ಅದು ದುಡ್ಡಿದ್ದವರ ಆಟ, ನಮಗ್ಯಾಕೆ?" ಅಂತೀರಿ. ಸ್ವಲ್ಪ ತಡೀರಿ ವೀಕ್ಷಕರೇ. ಇವತ್ತು ನಾನು ಹೇಳೋ ಪ್ರಶ್ನೆ ಕನಮಡಿ, ತಿಕೋಟಾ, ಬಬಲೇಶ್ವರದ ರೈತರಿಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಬಂಡಿ ಓಟಕ್ಕೆ ಒಬ್ಬನೇ ಮಾಲೀಕ ಎರಡು ಜೋಡಿ ಎತ್ತು ಇಳಿಸಿದ್ದಾನೆ ಅಂತಿಟ್ಟುಕೊಳ್ಳಿ. ಒಂದು ಜೋಡಿ ಹೊಡೆಯುವವನು ಮಗ, ಇನ್ನೊಂದು ಜೋಡಿ ಹೊಡೆಯುವವನು ಸಂಬಳದಾಳು. ಹಗುರವಾದ ಹೊಸ ಬಂಡಿ ಇರೋದು ಒಂದೇ. ಅದು ಯಾರಿಗೆ?

2020ರಲ್ಲಿ ರೇಸಿಂಗ್ ಪಾಯಿಂಟ್ ಅನ್ನೋ ತಂಡದಲ್ಲಿ ಎದ್ದಿದ್ದು ಇದೇ ಪ್ರಶ್ನೆ. ಈ ತಂಡ ನಮಗೆ ಹೊರಗಿನದ್ದಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2007ರಲ್ಲಿ ಪಾಲುದಾರರ ಜೊತೆ ಸ್ಪೈಕರ್ ತಂಡ ಕೊಂಡು, 2008ರಿಂದ ಫೋರ್ಸ್ ಇಂಡಿಯಾ ಹೆಸರಲ್ಲಿ ಓಡಿಸಿದರಲ್ಲ, ಅದೇ ಇದು. 2018ರಲ್ಲಿ ಆ ತಂಡ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ಅದನ್ನು ಕೊಂಡರು. 2019ರಿಂದ ತಂಡದ ಇಬ್ಬರು ಚಾಲಕರು ಯಾರು ಗೊತ್ತಾ? ಮೆಕ್ಸಿಕೋದ ಅನುಭವಿ ಸರ್ಜಿಯೊ ಪೆರೆಜ್, ಮತ್ತು ಮಾಲೀಕರ ಮಗ ಲಾನ್ಸ್ ಸ್ಟ್ರೋಲ್.

ಅನುಮಾನ ಹುಟ್ಟೋದು ಸಾಮಾನ್ಯವಾಗಿ ಶನಿವಾರದ ಅರ್ಹತಾ ಸುತ್ತಿನಲ್ಲಿ. ಭಾನುವಾರದ ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನ ಆಗೋದು ಅಲ್ಲೇ. ಆಗ ಇದ್ದದ್ದು 20 ಕಾರು. ಮೊದಲ 18 ನಿಮಿಷದಲ್ಲಿ ನಿಧಾನದ ಐದು ಕಾರು ಔಟ್. ಮುಂದಿನ 15 ನಿಮಿಷದಲ್ಲಿ ಇನ್ನೈದು ಔಟ್. ಕೊನೆಯ 12 ನಿಮಿಷ ಉಳಿದ ಹತ್ತರ ಪೈಪೋಟಿ. ಇಲ್ಲಿ ಒಂದು ಭಾಗ ಕೈಕೊಟ್ಟರೆ, ಒಂದು ಸುತ್ತು ಕೆಟ್ಟರೆ, ಮರುದಿನದ ಲೆಕ್ಕವೇ ಬುಡಮೇಲು. ಒಂದೇ ತಂಡದ ಇಬ್ಬರಲ್ಲಿ ಯಾವಾಗಲೂ ಒಬ್ಬನಿಗೇ ಹೀಗಾದ್ರೆ ಜನ ಸುಮ್ಮನಿರ್ತಾರಾ?

ಆದರೆ ಪ್ರತಿ ಅವಘಡವೂ ಪಕ್ಷಪಾತ ಅಲ್ಲ. 2016ರ ಮರ್ಸಿಡಿಸ್ ತಂಡವನ್ನೇ ನೋಡಿ. ಚೀನಾದ ಅರ್ಹತಾ ಸುತ್ತಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಎಂಜಿನ್ ವ್ಯವಸ್ಥೆ ಕೆಟ್ಟು, ಕಟ್ಟಕಡೆಯಿಂದ ಹೊರಡಬೇಕಾಯಿತು. ಮುಂದಿನ ರೇಸು ರಷ್ಯಾದಲ್ಲಿ. ಅಲ್ಲೂ ಅದೇ ತೊಂದರೆ, ಕೊನೆಯ ಘಟ್ಟಕ್ಕೆ ಕಾರು ಇಳಿಯಲೇ ಇಲ್ಲ. ಜೊತೆಗಾರ ನಿಕೊ ರೋಸ್‌ಬರ್ಗ್ ಮಾತ್ರ ಸಾಲಾಗಿ ಗೆಲ್ಲುತ್ತಿದ್ದ. ಆ ವರ್ಷದ ಆರಂಭದಲ್ಲಿ ಇಬ್ಬರ ಮೆಕ್ಯಾನಿಕ್‌ಗಳಲ್ಲಿ ಕೆಲವರನ್ನು ತಂಡ ಅದಲು ಬದಲು ಮಾಡಿತ್ತು. ಅಭಿಮಾನಿಗಳ ಸಿಟ್ಟು ಎಷ್ಟಿತ್ತು ಅಂದ್ರೆ, ತಂಡವೇ ಅವರಿಗೆ ಬಹಿರಂಗ ಪತ್ರ ಬರೀಬೇಕಾಯಿತು. ಕೊನೆಗೆ ರೋಸ್‌ಬರ್ಗ್ ಚಾಂಪಿಯನ್, ಅಂತರ ಬರೀ 5 ಅಂಕ. ಆದರೂ ಒಂದು ಮಾತು ಯೋಚಿಸಿ: ಮೂರು ಸಲದ ವಿಶ್ವ ಚಾಂಪಿಯನ್‌ನ ಕಾರನ್ನು ಬೇಕಂತಲೇ ಕೆಡಿಸಿ ಆ ತಂಡಕ್ಕೆ ಆಗೋ ಲಾಭ ಏನು? ಯಂತ್ರ ಕೆಡೋದಕ್ಕೆ ಮುಖ ನೋಡಲ್ಲ.

ರೇಸಿಂಗ್ ಪಾಯಿಂಟ್ ವಿಷಯ ಬೇರೆ. ಅಲ್ಲಿ ಆಯ್ಕೆ ಮಾಡಿದ್ದು ಯಂತ್ರ ಅಲ್ಲ, ಮನುಷ್ಯರು. 2020ರ ಸೆಪ್ಟೆಂಬರ್‌ನಲ್ಲಿ, ಇಟಲಿಯ ಮುಜೆಲ್ಲೊ ರೇಸಿಗೆ ಮೂರ್ನಾಲ್ಕು ದಿನ ಮುಂಚೆ, ಪೆರೆಜ್ ಮುಂದಿನ ವರ್ಷ ತಂಡದಲ್ಲಿ ಇರಲ್ಲ ಅನ್ನೋ ಸುದ್ದಿ ಬಂತು. ಅವನ ಜಾಗಕ್ಕೆ ಸೆಬಾಸ್ಟಿಯನ್ ವೆಟೆಲ್. ಮಗನ ಜಾಗ ಭದ್ರ. ಅದೇ ವಾರ ಕಾರಿಗೆ ಹೊಸ ಭಾಗಗಳು ಬಂದವು, ಒಂದೇ ಸೆಟ್. ಅದು ಹೋಗಿದ್ದು ಸ್ಟ್ರೋಲ್ ಕಾರಿಗೆ.

ತಂಡದ ಕಡೆಗೂ ನ್ಯಾಯ ಇದೆ. ಆಗ ಅಂಕಪಟ್ಟಿಯಲ್ಲಿ ಸ್ಟ್ರೋಲ್ ಮುಂದಿದ್ದ. ಆದರೆ ಪೆರೆಜ್ ಹಿಂದೆ ಬಿದ್ದದ್ದಕ್ಕೆ ಕೋವಿಡ್ಡೂ ಒಂದು ಕಾರಣ. ಸೋಂಕಿನಿಂದ ಅವನಿಗೆ ಎರಡು ರೇಸು ತಪ್ಪಿದ್ದವು. ಸರಿ, ಅರ್ಹತಾ ಸುತ್ತಿನಲ್ಲಿ ಏನಾಯ್ತು? ಹಳೇ ಕಾರಿನ ಪೆರೆಜ್ ಆರನೆಯವ, ಹೊಸ ಕಾರಿನ ಸ್ಟ್ರೋಲ್ ಏಳನೆಯವ! ಅಭ್ಯಾಸದ ವೇಳೆ ಕಿಮಿ ರೈಕೊನೆನ್ ಕಾರಿಗೆ ತಾಗಿಸಿದ್ದಕ್ಕೆ ಪೆರೆಜ್‌ಗೆ ಒಂದು ಸ್ಥಾನದ ದಂಡ ಬಿದ್ದು, ಇಬ್ಬರ ಜಾಗ ಅದಲು ಬದಲಾಯಿತು. ರೇಸಿನಲ್ಲಿ ಟೈರು ಕೈಕೊಟ್ಟು ಸ್ಟ್ರೋಲ್ ಕಾರು ತಡೆಗೋಡೆಗೆ ಬಡಿಯಿತು. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಪೆರೆಜ್ ಐದನೆಯವನಾಗಿ ಬಂದ.

ಸ್ಟ್ರೋಲ್ ದಡ್ಡ ಚಾಲಕ ಅಂತ ನಾನು ಹೇಳ್ತಿಲ್ಲ. ಅದೇ ನವೆಂಬರ್‌ನಲ್ಲಿ ಟರ್ಕಿಯ ಮಳೆಯಲ್ಲಿ ಅರ್ಹತಾ ಸುತ್ತಿಗೆ ಅವನೇ ಮೊದಲಿಗ. ಆದರೆ ವರ್ಷದ ಕೊನೆಗೆ ಪೆರೆಜ್‌ಗೆ 125 ಅಂಕ, ಸ್ಟ್ರೋಲ್‌ಗೆ 75. ಡಿಸೆಂಬರ್ 6ರಂದು ಬಹರೇನಿನ ಸಖೀರ್ ರೇಸಿನಲ್ಲಿ, ಮೊದಲ ಸುತ್ತಲ್ಲೇ ಡಿಕ್ಕಿಯಾಗಿ ಕೊನೆಗೆ ಬಿದ್ದಿದ್ದ ಪೆರೆಜ್, ಎಲ್ಲರನ್ನೂ ಹಿಂದೆ ಹಾಕಿ ಗೆದ್ದ. ಆ ತಂಡ ಹೊಸ ಯಜಮಾನಿಕೆಯಲ್ಲಿ ಕಂಡ ಮೊದಲ ಗೆಲುವು ಅದು. ತಂದುಕೊಟ್ಟವನು ಹೊರಗೆ ಹೋಗಬೇಕಾದವನು. ಆಮೇಲೆ ರೆಡ್ ಬುಲ್ ಅವನನ್ನು ಕರೆದುಕೊಂಡಿತು.

ತಂಡ ಅವರದ್ದು, ದುಡ್ಡು ಅವರದ್ದು, ಯಾರನ್ನಾದರೂ ಇಟ್ಟುಕೊಳ್ಳಲಿ ಅನ್ನೋರೂ ಇದ್ದಾರೆ. ಒಪ್ಪೋಣ. ಆದರೆ ಕಣಕ್ಕೆ ಇಳಿದ ಮೇಲೆ ಅಂಕ ಎಲ್ಲರಿಗೂ ಒಂದೇ ಲೆಕ್ಕ ತಾನೇ? ಮುಂದಿದ್ದವನಿಗೆ ಹೊಸ ಭಾಗ ಅನ್ನೋದು ಕೆಟ್ಟ ನಿಯಮ ಅಲ್ಲ. ಅದನ್ನು ಮೊದಲ ರೇಸಿಗೂ ಮುಂಚೆ ಹೇಳಿ, ಮಗ ಹಿಂದಿದ್ದಾಗಲೂ ಹಾಗೇ ನಡೆದುಕೊಂಡರೆ ಯಾರೂ ಬೆರಳು ತೋರಿಸಲ್ಲ. ಕಣದಲ್ಲಿ ನಿಂತ ಮೇಲೆ ಹೇಳೋ ನಿಯಮ ಸಬೂಬು ಅನ್ನಿಸಿಕೊಳ್ಳುತ್ತೆ. ಮಾಲೀಕನ ಮಗನೂ ಕಣದಲ್ಲಿ ಇದ್ದಾನೆ ಅಂದಾಗ ಆ ಎಚ್ಚರ ಇನ್ನೂ ಒಂದು ಪಟ್ಟು ಜಾಸ್ತಿ ಬೇಕು. ಇಲ್ಲದಿದ್ದರೆ ಮಗ ನಿಜವಾಗಿ ಗೆದ್ದ ದಿನವೂ ಜನ, "ಅಪ್ಪನ ಬಂಡಿ" ಅಂತಲೇ ಅಂತಾರೆ.